ಅದೇ ಎಂಜಿನ್, ಬೇರೆ ಜಾಗ: ಟೊಯೋಟಾ ಎಂಆರ್2 ಬೆಳೆದು ಬಂದ ಬಗೆ

(ಮಧುಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಅಧ್ಯಕ್ಷರೆ, ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರೆ, ಅಧ್ಯಾಪಕ ಮಿತ್ರರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಬಂದಿರುವ ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳೆ, ಗ್ಯಾರೇಜಿನ ಕೆಲಸ ಅರ್ಧಕ್ಕೆ ನಿಲ್ಲಿಸಿ ಬಂದು ಕೂತಿರುವ ಮೇಸ್ತ್ರಿಗಳೆ,

ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಶಾಸನ, ಇಲ್ಲವೇ ಒಬ್ಬ ಮಹನೀಯರ ಬದುಕು ಎಂಬುದು ನಮ್ಮಲ್ಲಿ ರೂಢಿ. ಯಂತ್ರವೊಂದರ ಚರಿತ್ರೆಯನ್ನೂ ಅದೇ ಗೌರವದಿಂದ ಕೇಳಬಹುದು ಎಂದು ಒಪ್ಪಿದ ಸಂಘಟಕರಿಗೆ ನಾನು ಋಣಿ. ಯಂತ್ರಗಳನ್ನು ಬಳಸುವ, ರಿಪೇರಿ ಮಾಡುವ ಜನ ನಾವು. ಅವು ಯಾಕೆ ಹಾಗಿವೆ, ಯಾರು ಕೂತು ಹಾಗೆ ತೀರ್ಮಾನಿಸಿದರು ಎಂದು ಕೇಳುವ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಿಮೆ. ಆ ಅಭ್ಯಾಸ ನಮ್ಮ ಮಕ್ಕಳಿಗೆ ಬರಬೇಕು ಎಂಬ ಆಸೆಯಿಂದ ಈ ವಿಷಯವನ್ನು ಆರಿಸಿಕೊಂಡೆ.

ಟೊಯೋಟಾ ಕಂಪನಿ 1984ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಎಂಆರ್2 ಎಂಬ ಕಾರಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಇಬ್ಬರೇ ಕೂರುವ ಕಾರು. ಎಂಜಿನ್ ಸೀಟಿನ ಬೆನ್ನಿಗೆ. ನಮ್ಮ ದೇಶದ ಷೋರೂಮುಗಳಿಗೆ ಅದು ಬರಲೇ ಇಲ್ಲ. ಹಾಗಿದ್ದರೂ ಅದರ ಕಥೆ ನಮಗೆ ಬೇಕು. ಶ್ರೀಮಂತರ ಕಾರುಗಳಿಗಷ್ಟೇ ಎಂದು ಎತ್ತಿಟ್ಟಿದ್ದ ಒಂದು ವಿನ್ಯಾಸವನ್ನು ತಿಂಗಳ ಸಂಬಳದವರಿಗೂ ಎಟುಕುವಂತೆ ಮಾಡಿದ ಬಗೆ ಅದರಲ್ಲಿದೆ. ಮೊದಲು ಭಾರದ ವಿಚಾರ ಹೇಳುತ್ತೇನೆ, ಅಂದರೆ ಎಂಜಿನ್ ಎಲ್ಲಿರಬೇಕು ಎಂಬ ಪ್ರಶ್ನೆ. ಆಮೇಲೆ ಬಿಡಿಭಾಗಗಳ ವಿಚಾರ. ನನ್ನ ಮಟ್ಟಿಗೆ ಇಡೀ ಉಪನ್ಯಾಸದ ಜೀವ ಅಲ್ಲಿದೆ. ಮೂರನೆಯದಾಗಿ ಆ ಕಾರು ಮುಂದೆ ದೊಡ್ಡದಾಗಿ ಮತ್ತೆ ಚಿಕ್ಕದಾದ ಕಥೆ. ಕಡೆಗೆ ಬೆಂಗಳೂರು, ಬಿಡದಿ, ತುಮಕೂರುಗಳ ಕಡೆ ಬರುತ್ತೇನೆ.

ಮೊದಲು ಭಾರದ ವಿಚಾರ.

ಎತ್ತಿನ ಗಾಡಿಗೆ ಕಡಲೆಕಾಯಿ ಮೂಟೆ ಹೇರಿದವರು ಈ ಸಭೆಯಲ್ಲಿ ಇನ್ನೂ ಇದ್ದೀರಿ. ನಿಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಟೆ ಮುಂದಕ್ಕೆ ಸರಿದರೆ ಗಾಡಿ ಮುಂಭಾರವಾಗಿ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಸರಿದರೆ ಹಿಂಭಾರವಾಗಿ ಏರಿನಲ್ಲಿ ನೊಗ ಮೇಲೇಳುತ್ತದೆ, ಕೊರಳಿನ ಹಗ್ಗ ಬಿಗಿಯುತ್ತದೆ. ಭಾರ ಅಚ್ಚಿನ ಆಸುಪಾಸಿನಲ್ಲಿ ಕೂತಾಗ ಮಾತ್ರ ಗಾಡಿ ಸಲೀಸಾಗಿ ಹೋಗುತ್ತದೆ, ತಿರುವಿನಲ್ಲಿ ಎತ್ತು ಹೇಳಿದ ಮಾತು ಕೇಳುತ್ತದೆ.

ಕಾರಿಗೆ ಎರಡು ಅಚ್ಚು. ಅದರಲ್ಲಿ ಎಲ್ಲಕ್ಕಿಂತ ತೂಕದ ವಸ್ತು ಎಂಜಿನ್ನು ಮತ್ತು ಗೇರ್‌ಬಾಕ್ಸು. ಅವನ್ನು ಮುಂದಿನ ಅಚ್ಚಿನ ಮೇಲೋ ಅದರಿಂದಾಚೆಗೋ ಇಟ್ಟರೆ ಮುಂಭಾರ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇದ್ದಂತೆ ಹಿಂದಿನ ಅಚ್ಚಿನಾಚೆ ಇಟ್ಟರೆ ಹಿಂಭಾರ. ಎರಡು ಅಚ್ಚುಗಳ ನಡುವೆ ಇಟ್ಟರೆ ಅದು ಮಧ್ಯ ಎಂಜಿನ್ನಿನ ಕಾರು. ಲಾಭ ಎಲ್ಲಿದೆ? ಯಾವುದೇ ವಸ್ತುವನ್ನು ತಿರುಗಿಸುವಾಗ ಅದರ ನಡುವಿನಿಂದ ದೂರ ಇರುವ ಭಾರ ಹೆಚ್ಚು ತಡೆ ಒಡ್ಡುತ್ತದೆ. ದೂರ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಭಾರವನ್ನು ನಡುವಿಗೆ ಎಳೆದುಕೊಂಡ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ಕಾರನ್ನು ತಳ್ಳುವ ಹಿಂದಿನ ಚಕ್ರಗಳ ಮೇಲೆ ಸಾಕಷ್ಟು ತೂಕವೂ ಇರುವುದರಿಂದ ಅವು ನೆಲವನ್ನು ಕಚ್ಚಿ ಹಿಡಿಯುತ್ತವೆ.

ರೇಸಿನವರಿಗೆ ಇದು ಬೇಗ ಅರ್ಥವಾಯಿತು. ಜ್ಯಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ಕೂಪರ್ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದಾಗ ಎಂಜಿನ್ ಅವರ ಬೆನ್ನ ಹಿಂದಿತ್ತು. ಅಲ್ಲಿಂದಾಚೆ ಫಾರ್ಮುಲಾ ಒನ್‌ನಲ್ಲಿ ಮುಂದಿನ ಎಂಜಿನ್ನಿನ ಕಾಲ ಮುಗಿಯಿತು. ರಸ್ತೆಯ ಕಾರುಗಳಿಗೆ ಇದನ್ನು ತಂದವರಲ್ಲಿ ಫ್ರಾನ್ಸಿನ ರೆನೆ ಬೊನೆ ಮೊದಲಿಗರು, ಅದು 1962ರಲ್ಲಿ. 1966ರಲ್ಲಿ ಲ್ಯಾಂಬೋರ್ಗಿನಿ ಮಿಯುರಾ ಬಂದಾಗ ಇಡೀ ಜಗತ್ತು ತಿರುಗಿ ನೋಡಿತು. ಆದರೆ ಆ ದಾರಿಯಲ್ಲಿ ಬಂದ ಹೆಚ್ಚಿನ ಕಾರುಗಳು ಬೆಲೆಯಲ್ಲಿ ಆಕಾಶ ಮುಟ್ಟುತ್ತಿದ್ದವು. ಕೂರಲು ಎರಡೇ ಸೀಟು, ಸಾಮಾನಿಗೆ ಜಾಗವಿಲ್ಲ, ಎಂಜಿನ್ನಿನ ಬಿಸಿಯೂ ಸದ್ದೂ ಕಿವಿಯ ಹಿಂದೆ. ಇಂಥ ಕಾರನ್ನು ಸಾಮಾನ್ಯರಿಗೆ ಯಾರು ಮಾಡಿಕೊಡುತ್ತಾರೆ?

ಇಲ್ಲಿ ಒಂದು ಮಾತು. ಮಧ್ಯದಲ್ಲಿ ಎಂಜಿನ್ ಇರುವ, ಜಪಾನಿನಲ್ಲಿ ವಿನ್ಯಾಸಗೊಂಡ, ಕಡಿಮೆ ಬೆಲೆಯ ವಾಹನವೊಂದು ನಮ್ಮ ನಾಲ್ಕೂ ತಾಲ್ಲೂಕುಗಳ ರಸ್ತೆಯಲ್ಲಿ ಮೂವತ್ತೈದು ವರ್ಷ ಓಡಿದೆ. ಅದು ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ ಗಾಡಿಯ ಮೂಲ ಸುಜುಕಿಯ ಕ್ಯಾರಿ. ಮುಂದಿನ ಸೀಟನ್ನು ಹಿಂದಕ್ಕೆ ಮಡಚಿ, ಕೆಳಗಿನ ತಗಡಿನ ಮುಚ್ಚಳ ತೆಗೆದರೆ ಎಂಜಿನ್ ಕಾಣುತ್ತದೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಉದ್ದುದ್ದಕ್ಕೆ ಮಲಗಿದೆ, ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಪಾವಗಡದಿಂದ ತುಮಕೂರಿಗೆ ಮುಂದಿನ ಸೀಟಿನಲ್ಲಿ ಕೂತು ಹೋದವರ ತೊಡೆಗೆ ಅದು ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತು. ಓಮ್ನಿಯಲ್ಲಿ ಎಂಜಿನ್ನನ್ನು ನಡುವೆ ಇಟ್ಟದ್ದು ವೇಗಕ್ಕಲ್ಲ, ಜಾಗಕ್ಕೆ. ಬಾನೆಟ್ ಬೇಡವಾಯಿತು, ಹಿಂದಿನ ನೆಲ ಚಪ್ಪಟೆಯಾಯಿತು, ಎಂಟು ಜನ ಹತ್ತಿದರು, ತರಕಾರಿ ಬುಟ್ಟಿಯೂ ಹತ್ತಿತು. ಚಾಲಕನ ಪಾದದ ಮುಂದೆ ತಗಡೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ ಎಂಬುದೂ ನಿಜ. ಅಪಘಾತ ಸುರಕ್ಷತೆಯ ಹೊಸ ನಿಯಮಗಳು ಬಂದಾಗ 2019ರಲ್ಲಿ ಅದರ ತಯಾರಿಕೆ ನಿಂತದ್ದಕ್ಕೆ ಕಾರಣ ಅದೇ.

ಇನ್ನೊಂದು ವಿಷಯವನ್ನು ಗಮನಿಸಿ. ಅದೇ 796 ಸಿಸಿ ಎಂಜಿನ್ ಮಾರುತಿ 800 ಕಾರಿನಲ್ಲೂ ಇತ್ತು. ಅಲ್ಲಿ ಮುಂದುಗಡೆ ಅಡ್ಡಡ್ಡಲಾಗಿ ನಿಂತು ಮುಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಒಂದೇ ಎಂಜಿನ್, ಎರಡು ಜಾಗ, ಎರಡು ವಾಹನ. ಶಿರಾ ಪೇಟೆಯ ಮೆಕ್ಯಾನಿಕ್‌ಗೆ 800ರ ಎಂಜಿನ್ ಬಿಚ್ಚಿ ಕಟ್ಟಲು ಬಂದರೆ ಓಮ್ನಿಯದೂ ಬಂದ ಹಾಗೆಯೇ. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು ಅದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಓಮ್ನಿ ಅಗ್ಗವಾಗಿದ್ದು, ಅಗ್ಗವಾಗಿಯೇ ಉಳಿದದ್ದರ ಹಿಂದೆ ಇದೇ ಇದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಜಪಾನಿಗೆ ಹೋಗೋಣ.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ, ಬಿಡಿಭಾಗಗಳ ವಿಚಾರಕ್ಕೆ.

ಟೊಯೋಟಾ ಮನೆತನದ ಮೂಲ ಕಸುಬು ಮಗ್ಗ. ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ನೂಲು ಕಡಿದ ತಕ್ಷಣ ಯಂತ್ರ ತಾನೇ ನಿಲ್ಲುತ್ತಿತ್ತು. ಅದರ ಪೇಟೆಂಟನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಮಾರಿ ಬಂದ ಹಣ ಮಗ ಕಿಯಿಚಿರೊನ ಕಾರಿನ ಪ್ರಯೋಗಗಳಿಗೆ ಒದಗಿತು. ವೈ.ಎನ್. ಹೊಸಕೋಟೆಯ ರೇಷ್ಮೆ ನೇಕಾರ ಮನೆತನದ ಮಕ್ಕಳು ಯಾರಾದರೂ ಇಲ್ಲಿದ್ದರೆ ಈ ಮಾತು ಅವರಿಗೆ ಎಂದು ಹೇಳುತ್ತಿದ್ದೇನೆ. ಮಗ್ಗದಿಂದ ಕಾರಿನವರೆಗೆ ದಾರಿಯಿದೆ.

1970ರ ದಶಕದಲ್ಲಿ ಟೊಯೋಟಾಕ್ಕೆ ಗಟ್ಟಿಮುಟ್ಟಾದ ಕಾರಿನ ಕಂಪನಿ ಎಂಬ ಹೆಸರಿತ್ತು. ಓಡಿಸುವುದರಲ್ಲಿ ಸಂತೋಷ ಸಿಗುತ್ತದೆ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. 1973ರ ತೈಲ ಬಿಕ್ಕಟ್ಟು, ಅದರ ಬೆನ್ನಿಗೆ ಹೊಗೆಯ ಮೇಲಿನ ಕಟ್ಟುನಿಟ್ಟಿನ ನಿಯಮಗಳು ಜಪಾನಿನಲ್ಲಿ ಸ್ಪೋರ್ಟ್ಸ್ ಕಾರಿನ ಮಾತನ್ನೇ ಅಡಗಿಸಿದ್ದವು. ಅಂಥ ಹೊತ್ತಿನಲ್ಲಿ, 1976ರಲ್ಲಿ, ಓಡಿಸಲು ಹಿತವಾಗಿರುವ ಆದರೆ ಪೆಟ್ರೋಲು ಕಡಿಮೆ ಕುಡಿಯುವ ಕಾರೊಂದನ್ನು ಯೋಚಿಸಿ ಎಂದು ಕಂಪನಿಯೊಳಗೆ ಒಂದು ಕೆಲಸ ಶುರುವಾಯಿತು. ಸ್ಪೋರ್ಟ್ಸ್ ಕಾರು ಮಾಡಬೇಕು ಎಂದು ಆಗ ಯಾರೂ ಅಂದುಕೊಂಡಿರಲಿಲ್ಲ. 1979ರಲ್ಲಿ ಪರೀಕ್ಷಾ ವಿಭಾಗದ ಎಂಜಿನಿಯರ್ ಅಕಿಯೊ ಯೋಶಿದಾ ಎಂಜಿನ್ ಎಲ್ಲಿರಬೇಕು, ಯಾವ ಚಕ್ರಗಳನ್ನು ತಿರುಗಿಸಬೇಕು ಎಂಬ ಸಾಧ್ಯತೆಗಳನ್ನು ಒಂದೊಂದಾಗಿ ತೂಗಿ ನೋಡತೊಡಗಿದರು. ಕಡೆಗೆ ತೀರ್ಮಾನ ಆಯಿತು: ಎಂಜಿನ್ ಮಧ್ಯದಲ್ಲಿ, ಅಡ್ಡಡ್ಡಲಾಗಿ. 1981ರಲ್ಲಿ ಎಸ್‌ಎ-ಎಕ್ಸ್ ಎಂಬ ಮೊದಲ ಮಾದರಿ ಸಿದ್ಧವಾಯಿತು.

ಈ ನಿಧಾನವನ್ನು ನಾನು ತುಂಬ ಗೌರವಿಸುತ್ತೇನೆ. ಮೊದಲು ಚಂದದ ಆಕಾರ ಬರೆದು ಆಮೇಲೆ ಎಂಜಿನ್ನಿಗೆ ಜಾಗ ಹುಡುಕಿದವರಲ್ಲ ಅವರು. ಜಾಗವನ್ನು ಮೊದಲು ಗೊತ್ತುಮಾಡಿದರು.

ಜಾಗ ಗೊತ್ತಾಯಿತು, ಎಂಜಿನ್ ಎಲ್ಲಿಂದ? ಹೊಸ ಎಂಜಿನ್ನು, ಹೊಸ ಗೇರ್‌ಬಾಕ್ಸು, ಅವುಗಳಿಗೆ ಬೇಕಾದ ಎರಕದ ಅಚ್ಚು, ಕಾರ್ಖಾನೆ ಎಂದು ಹೊರಟರೆ ಕಾರು ಶ್ರೀಮಂತರ ಮನೆಗೇ ಹೋಗಬೇಕು. ಇದಕ್ಕೆ ಉತ್ತರವನ್ನು ಇಟಲಿಯ ಫಿಯೆಟ್ ಮೊದಲೇ ತೋರಿಸಿಕೊಟ್ಟಿತ್ತು. ಫಿಯೆಟ್ 128 ಎಂಬ ಸಾಮಾನ್ಯ ಸಂಸಾರದ ಕಾರಿನ ಮುಂಭಾಗದಲ್ಲಿದ್ದ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಇಡಿಯಾಗಿ ತೆಗೆದು ಸೀಟಿನ ಹಿಂದೆ ಕೂರಿಸಿ 1972ರಲ್ಲಿ ಎಕ್ಸ್1/9 ಎಂಬ ಪುಟ್ಟ ಕಾರನ್ನು ಹೊರತಂದಿತ್ತು. ಯೋಚನೆ ಎಷ್ಟು ಸರಳ ನೋಡಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲವೂ ಒಂದೇ ಗಂಟಾಗಿ ಎರಡು ಚಕ್ರಗಳ ನಡುವೆ ಇರುತ್ತವೆ. ಆ ಗಂಟನ್ನು ಹಾಗೇ ಎತ್ತಿ ಹಿಂದಿನ ಚಕ್ರಗಳ ನಡುವಿಗೆ, ಅಚ್ಚಿಗಿಂತ ತುಸು ಮುಂದೆ ಇಟ್ಟರೆ ಮಧ್ಯ ಎಂಜಿನ್ನಿನ ಕಾರು ಸಿದ್ಧ.

ಟೊಯೋಟಾಕ್ಕೆ ಕಾಲ ಕೂಡಿ ಬಂತು. 1983ರಲ್ಲಿ ಕೊರೊಲಾ ಸೆಡಾನ್ ಮೊದಲ ಬಾರಿಗೆ ಮುಂದಿನ ಚಕ್ರಗಳಿಂದ ಎಳೆಯುವ ಕಾರಾಯಿತು. ಲಕ್ಷಗಟ್ಟಲೆ ತಯಾರಾಗುವ ಕಾರಿನ ಗಂಟೊಂದು ಕೈಗೆ ಸಿಕ್ಕಿತು. ಅದೇ ವರ್ಷ 4ಎ-ಜಿಇ ಎಂಬ ಎಂಜಿನ್ ಬಂತು. 1,587 ಸಿಸಿ, ನಾಲ್ಕು ಸಿಲಿಂಡರಿಗೆ ಹದಿನಾರು ವಾಲ್ವು, ಮೇಲೆ ಎರಡು ಕ್ಯಾಮ್ ಶಾಫ್ಟು. ಇದರ ಸಿಲಿಂಡರ್ ಹೆಡ್ ಕೆಲಸದಲ್ಲಿ ಮೋಟಾರ್ ಸೈಕಲ್ಲಿನ ಯಮಾಹಾ ಕಂಪನಿಯ ಕೈ ಇತ್ತು. ಮೊದಲು ಅದನ್ನು ಹಾಕಿದ್ದು ಎಇ86 ಎಂದು ಇವತ್ತಿಗೂ ಹೆಸರಾಗಿರುವ ಕೊರೊಲಾ ಕೂಪೆಗೆ. ಹೀಗೆ ಸಂತೆಗೆ, ಆಫೀಸಿಗೆ ಹೋಗುವ ಕಾರಿಗೆಂದು ಹುಟ್ಟಿದ ವಸ್ತುಗಳು ಎಂಆರ್2 ಕಾರಿನ ಬೆನ್ನಿಗೆ ಬಂದವು. ಎಂಜಿನ್ ಕೆಲಸ ಗೊತ್ತಿದ್ದ ಕೊರೊಲಾ ಮೆಕ್ಯಾನಿಕ್‌ಗೆ ಇದು ಹೊಸತಾಗಿ ಕಾಣಲಿಲ್ಲ.

ಎತ್ತಿ ಹಿಂದೆ ಇಟ್ಟರಾಯಿತು ಎಂದು ಸುಲಭವಾಗಿ ಹೇಳಿಬಿಟ್ಟೆ. ಆಮೇಲೆ ಬಂದ ತೊಡಕುಗಳನ್ನು ವಿದ್ಯಾರ್ಥಿಗಳು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಂಜಿನ್ ಹಿಂದೆ ಹೋಯಿತು, ಗಾಳಿ ಬೀಸುವುದು ಮುಂದುಗಡೆ. ರೇಡಿಯೇಟರನ್ನು ಮೂತಿಯಲ್ಲೇ ಬಿಟ್ಟು, ಕಾರಿನ ಹೊಟ್ಟೆಯಡಿ ಉದ್ದಕ್ಕೂ ನೀರಿನ ಕೊಳವೆ ಎಳೆಯಬೇಕಾಯಿತು. ಆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತದೆ, ಆದ್ದರಿಂದ ಕೂಲಂಟ್ ತುಂಬುವಾಗ ಗಾಳಿ ಬಿಡಿಸುವ ಕ್ರಮವನ್ನು ತಪ್ಪದೆ ಪಾಲಿಸಬೇಕು. ಗೇರ್ ಲಿವರ್ ಚಾಲಕನ ಪಕ್ಕ, ಗೇರ್‌ಬಾಕ್ಸ್ ಅವನ ಬೆನ್ನ ಹಿಂದೆ; ನಡುವೆ ಉದ್ದನೆಯ ಕೇಬಲ್ಲುಗಳು. ಎಂಜಿನ್ನಿನ ಉಸಿರಾಟದ ಗಾಳಿಗೆ ಬಾಗಿಲಿನ ಹಿಂದೆ ಪಕ್ಕದಲ್ಲೊಂದು ಕಿಂಡಿ. ಪೆಟ್ರೋಲ್ ಟ್ಯಾಂಕನ್ನು ಇಬ್ಬರ ಸೀಟಿನ ನಡುವಿನ ಸುರಂಗದಲ್ಲಿ ಉದ್ದುದ್ದಕ್ಕೆ ಇಟ್ಟರು. ಇದು ನನಗೆ ಬಹಳ ಹಿಡಿಸಿದ ನಿರ್ಧಾರ. ಟ್ಯಾಂಕ್ ತುಂಬಿರಲಿ, ಬರಿದಾಗಿರಲಿ, ಭಾರದ ಹಂಚಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಾರಿನ ಒಡಲು ತಿರುಚಿಕೊಳ್ಳದಂತೆ ಐದು ಅಡ್ಡಗೋಡೆಗಳನ್ನು ಬೆಸೆದರು. ಇಷ್ಟೆಲ್ಲ ಆದ ಮೇಲೂ ಜಪಾನಿನ ಮಾದರಿ ಒಂದು ಟನ್ನಿನ ಒಳಗೇ ಉಳಿಯಿತು. ಭಾರದ ಹಂಚಿಕೆ ಮುಂದೆ ನೂರಕ್ಕೆ 44, ಹಿಂದೆ 56ರ ಆಸುಪಾಸು.

ಓಡಾಟದ ಗುಣವನ್ನು ತಿದ್ದಲು ಟೊಯೋಟಾ ಹೊರಗಿನವರನ್ನು ಕೇಳಲು ನಾಚಲಿಲ್ಲ. ಇಂಗ್ಲೆಂಡಿನ ಲೋಟಸ್ ಕಂಪನಿಯೊಡನೆ ಆಗ ಟೊಯೋಟಾಕ್ಕೆ ಸಂಬಂಧವಿತ್ತು. ಅಲ್ಲಿಯ ರೋಜರ್ ಬೆಕರ್ ಸಸ್ಪೆನ್ಷನ್ ಹದ ಮಾಡುವುದರಲ್ಲಿ ನೆರವಾದರು. ಕ್ಯಾಲಿಫೋರ್ನಿಯಾದ ಪರೀಕ್ಷೆಗಳಲ್ಲಿ ಹಳೆಯ ಫಾರ್ಮುಲಾ ಒನ್ ಚಾಲಕ ಡ್ಯಾನ್ ಗರ್ನಿ ಕಾರನ್ನು ಓಡಿಸಿ ಹೇಳಬೇಕಾದ್ದನ್ನು ಹೇಳಿದರು. 1983ರ ಟೋಕಿಯೊ ಮೋಟಾರ್ ಪ್ರದರ್ಶನದಲ್ಲಿ ಎಸ್‌ವಿ-3 ಎಂಬ ಹೆಸರಿನಲ್ಲಿ ಕಾರು ಜನರ ಕಣ್ಣಿಗೆ ಬಿತ್ತು. 1984ರ ಜೂನ್‌ನಲ್ಲಿ ಎಂಆರ್2 ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಆ ಸಾಲಿನ ಜಪಾನಿನ ವರ್ಷದ ಕಾರು ಪ್ರಶಸ್ತಿಯನ್ನೂ ಪಡೆಯಿತು. ಅಮೆರಿಕದಲ್ಲಿ ಅದರ ಆರಂಭದ ಬೆಲೆ ಸುಮಾರು 11 ಸಾವಿರ ಡಾಲರ್. ಅದೇ ಬಗೆಯ ಭಾರದ ಹಂಚಿಕೆ ಬೇಕೆಂದು ಫೆರಾರಿ ಅಂಗಡಿಗೆ ಹೋದರೆ ಇದರ ಹಲವು ಪಟ್ಟು ಕೊಡಬೇಕಿತ್ತು.

ಹಾಗಾದರೆ ಮನೆಯಲ್ಲಿರುವ ಸಾಮಾನು ಜೋಡಿಸಿದ ಎಲ್ಲರೂ ಗೆದ್ದರೇ? ಇಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಾಂಟಿಯಾಕ್ ಫಿಯೆರೊ ಎಂಬ ಮಧ್ಯ ಎಂಜಿನ್ನಿನ ಅಗ್ಗದ ಕಾರನ್ನು ತಂದಿತ್ತು. ಅಲ್ಲೂ ಕಂಪನಿಯ ಸಣ್ಣ ಕಾರುಗಳ ಸಸ್ಪೆನ್ಷನ್ನು, ಸಂಸಾರದ ಕಾರಿನ ಎಂಜಿನ್ನು ಬಂದು ಸೇರಿದವು. ಆದರೆ ಬಂದ ಎಂಜಿನ್ ತೂಕದ್ದು, ಮಂದಗತಿಯದು. ಮೊದಲ ವರ್ಷಗಳ ಕಾರುಗಳಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡ ಪ್ರಕರಣಗಳು ವರದಿಯಾದವು. 1988ರಲ್ಲಿ ತಯಾರಿಕೆ ನಿಂತಿತು. ವ್ಯತ್ಯಾಸ ಇಷ್ಟೇ: ಟೊಯೋಟಾ ಎರವಲು ತಂದದ್ದು ತನ್ನಲ್ಲಿದ್ದ ಅತ್ಯುತ್ತಮ ಸಣ್ಣ ಎಂಜಿನ್ನನ್ನು. ತಂದ ಮೇಲೆ ಹೊಸ ಜಾಗಕ್ಕೆ ಅದು ಒಗ್ಗುವವರೆಗೆ ಕಾದಿತ್ತು ಕೂಡ.

ಮೂರನೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಯಶಸ್ಸು ಬಂದಾಗ ವಸ್ತು ದೊಡ್ಡದಾಗುತ್ತದೆ. 1986ರಲ್ಲಿ ಸೂಪರ್ ಚಾರ್ಜರ್ ಬಂತು. 1989ರ ಅಕ್ಟೋಬರಿನಲ್ಲಿ ಎರಡನೆಯ ತಲೆಮಾರಿನ ಎಂಆರ್2 ಬಂದಾಗ ಅದು ಉದ್ದವಾಗಿತ್ತು, ಅಗಲವಾಗಿತ್ತು, ಭಾರವಾಗಿತ್ತು. ಎರಡು ಲೀಟರಿನ ಟರ್ಬೊ ಎಂಜಿನ್ 225 ಅಶ್ವಶಕ್ತಿ ಕೊಡುತ್ತಿತ್ತು. ನೋಡಲು ಎಷ್ಟು ಚೆಲುವಾಗಿತ್ತೆಂದರೆ ಬಡವರ ಫೆರಾರಿ ಎಂದು ಜನ ಕರೆದರು. ಅದರ ಸ್ವಭಾವದಲ್ಲಿ ಒಂದು ಅಪಾಯವೂ ಇತ್ತು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಫಕ್ಕನೆ ತೆಗೆದರೆ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತದೆ. ಬೇಗ ತಿರುಗುವ ಕಾರು ಬೇಗ ಗಿರಕಿಯನ್ನೂ ಹೊಡೆಯುತ್ತದೆ. ಭಾರ ನಡುವಿಗೆ ಬಂದುದರ ಇನ್ನೊಂದು ಮುಖ ಇದು. ಎರಡೇ ವರ್ಷಗಳಲ್ಲಿ ಟೊಯೋಟಾ ಹಿಂದಿನ ಸಸ್ಪೆನ್ಷನ್ನಿನ ವಿನ್ಯಾಸ ತಿದ್ದಿ, ಚಕ್ರಗಳನ್ನು 14 ಅಂಗುಲದಿಂದ 15ಕ್ಕೆ ಏರಿಸಿತು. 1999ರ ಅಕ್ಟೋಬರಿನಲ್ಲಿ ಬಂದ ಮೂರನೆಯ ತಲೆಮಾರು ಮೊದಲಿನ ದಾರಿಗೆ ಮರಳಿತು. ಸಣ್ಣ ಒಡಲು, ತೆರೆದ ಛಾವಣಿ, ಟನ್ನಿನ ಒಳಗಿನ ತೂಕ, 1.8 ಲೀಟರಿನ ಸಾದಾ ಎಂಜಿನ್, 140 ಅಶ್ವಶಕ್ತಿ. ಸಾಮಾನು ಇಡಲು ಜಾಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 2007ರಲ್ಲಿ ಅದೂ ನಿಂತಿತು. ನನ್ನನ್ನು ಕೇಳಿದರೆ ಮೂರರಲ್ಲಿ ಮೊದಲನೆಯದೇ ದೊಡ್ಡ ಸಾಧನೆ. ಎರಡನೆಯದು ಫೆರಾರಿಯ ಕಡೆ ನೋಡುತ್ತಿತ್ತು, ಮೊದಲನೆಯದು ಕೊರೊಲಾ ಕೊಳ್ಳುವವನ ಜೇಬಿನ ಕಡೆ ನೋಡುತ್ತಿತ್ತು.

ಇನ್ನು ನಮ್ಮ ನಾಡಿನ ಕಡೆ ಬರುತ್ತೇನೆ.

ಕೈಗೆಟುಕುವ ಹಗುರ ಕಾರು ಮಾಡಬೇಕೆಂಬ ಹಂಬಲ ಬೆಂಗಳೂರಿಗೆ ಹಳೆಯದು. 1970ರ ದಶಕದಲ್ಲಿ ಸನ್‌ರೈಸ್ ಕಂಪನಿ ಬಾದಲ್ ಎಂಬ ಮೂರು ಚಕ್ರದ, ಫೈಬರ್ ಗ್ಲಾಸ್ ಮೈಯ, ಹಿಂದೆ ಎಂಜಿನ್ ಇರುವ ಪುಟ್ಟ ಕಾರನ್ನು ಮಾಡಿತು. ಅದೇ ಸಂಸ್ಥೆ ಸಿಪಾನಿ ಆಟೋಮೊಬೈಲ್ಸ್ ಆಗಿ 1982ರಲ್ಲಿ ಡಾಲ್ಫಿನ್ ಎಂಬ ಕಾರನ್ನು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಫೈಬರ್ ಗ್ಲಾಸ್ ಮೈ, ಎರಡೇ ಬಾಗಿಲು. ಹಗುರಾಗಿದ್ದುದರಿಂದ ರ‍್ಯಾಲಿ, ರೇಸಿನವರು ಅದನ್ನು ಮೆಚ್ಚಿ ಓಡಿಸಿದರು. ಕರ್ನಾಟಕದಲ್ಲಿ ತಯಾರಾಗಿ, ಸಾಮಾನ್ಯರಿಗೆ ಎಟುಕುವ ಬೆಲೆಯಲ್ಲಿದ್ದು, ರೇಸಿಗೂ ನಿಂತ ಕಾರು ಯಾವುದೆಂದರೆ ಡಾಲ್ಫಿನ್ ಹೆಸರನ್ನೇ ನಾನು ಹೇಳುತ್ತೇನೆ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ನಾಲ್ಕು ಬಾಗಿಲು, ಉಕ್ಕಿನ ಮೈ, ಬೆನ್ನಿಗೆ ಸುಜುಕಿಯ ತಯಾರಿಕಾ ಬಲ. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಆ ಅಲೆಯ ಎದುರು ನಿಲ್ಲಲಾಗಲಿಲ್ಲ. ಯೋಶಿದಾ ಅವರ ಬೆನ್ನಿಗೆ ಕೊರೊಲಾ ಇತ್ತು. ಡಾಲ್ಫಿನ್ ಬೆನ್ನಿಗೆ ಅಂಥ ಲಕ್ಷಗಟ್ಟಲೆ ಮಾರುವ ಇನ್ನೊಂದು ಕಾರು ಇರಲಿಲ್ಲ. ಅದರ ಎಂಜಿನ್ ಅದಕ್ಕೊಂದಕ್ಕೇ ತಯಾರಾಗಬೇಕಿತ್ತು, ಅದರ ಬಿಡಿಭಾಗ ಸಣ್ಣ ಊರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ರೇವಾ ಇನ್ನೊಂದು ಅಧ್ಯಾಯ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಸೌರ ಕಾರು ತಂಡದಲ್ಲಿದ್ದರು. 1990ರಲ್ಲಿ ಆ ತಂಡ ಅಮೆರಿಕದ ಸ್ಪರ್ಧೆ ಗೆದ್ದು, ಆಸ್ಟ್ರೇಲಿಯಾದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. 1994ರಲ್ಲಿ ಮೈನಿ ಸಮೂಹವು ಅಮೆರಿಕದ ಪಾಲುದಾರರೊಡನೆ ಕಂಪನಿ ಕಟ್ಟಿತು. ಏಳು ವರ್ಷಗಳ ಕೆಲಸದ ಬಳಿಕ 2001ರಲ್ಲಿ ರೇವಾ ಬೆಂಗಳೂರಿನ ರಸ್ತೆಗೆ ಇಳಿಯಿತು. ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಅದರಲ್ಲಿ ಇಟ್ಟದ್ದು ಎಲ್ಲಿ ಗೊತ್ತೆ? ಮುಂದಿನ ಸೀಟುಗಳ ಕೆಳಗೆ. ಕಾರಿನ ಅತಿ ಭಾರದ ವಸ್ತು ಎರಡು ಅಚ್ಚುಗಳ ನಡುವೆ, ನೆಲಕ್ಕೆ ಹತ್ತಿರ. ಓಮ್ನಿಯಲ್ಲಿ ಎಂಜಿನ್ ಇದ್ದ ಅದೇ ಜಾಗ. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿಯ ಬಹುಪಾಲು ಮಹೀಂದ್ರ ಕೈಗೆ ಹೋಯಿತು. ವಿದ್ಯುತ್ ಕಾರಿಗೆಂದೇ ತಯಾರಾದ ಬ್ಯಾಟರಿ, ಕಂಟ್ರೋಲರ್ ಪೇಟೆಯಲ್ಲಿ ಸಿಗದ ಕಾಲದಲ್ಲಿ ರೇವಾ ಹುಟ್ಟಿತು. ಆ ಕಷ್ಟ ಗೊತ್ತಿರುವುದರಿಂದ ಅದನ್ನು ಮಾಡಿದ ಎಂಜಿನಿಯರುಗಳನ್ನು ನಾನು ಯಾವ ಜಪಾನಿ ತಂಡಕ್ಕೂ ಕಡಿಮೆ ಎನ್ನಲಾರೆ. ಇವತ್ತು ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ವಿದ್ಯುತ್ ಕಾರಿಗೆ ಕರೆಂಟು ನಮ್ಮ ತಾಲ್ಲೂಕಿನಿಂದಲೇ ಹೋಗುತ್ತದೆ. ಕಾರಿನ ಭಾಗಗಳು ಮಾತ್ರ ಇನ್ನೂ ನಮ್ಮ ತಾಲ್ಲೂಕಿನಿಂದ ಹೋಗುತ್ತಿಲ್ಲ.

ಭಾಗಗಳ ಮಾತು ಬಂದಿತು, ಆದ್ದರಿಂದ ಬಿಡದಿ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ, 2000ದಲ್ಲಿ ಕ್ವಾಲಿಸ್ ಹೊರತಂದದ್ದು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಇರುವ ಟೊಯೋಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. 2004ರಿಂದ ಅಲ್ಲಿ ತಯಾರಾದ ಗೇರ್‌ಬಾಕ್ಸುಗಳು ಬೇರೆ ದೇಶಗಳ ಟೊಯೋಟಾ ಕಾರ್ಖಾನೆಗಳಿಗೆ ಹಡಗು ಹತ್ತಿವೆ. ಎಂಆರ್2 ಕಾರನ್ನು ಸಾಧ್ಯ ಮಾಡಿದ ತತ್ವ ಅದೇ: ಒಂದು ಗೇರ್‌ಬಾಕ್ಸು, ಹಲವು ವಾಹನ. 2022ರಿಂದ ಬಿಡದಿಯಲ್ಲಿ ತಯಾರಾಗುವ ಒಂದೇ ಕಾರು ಎರಡು ಲಾಂಛನ ಹೊತ್ತು, ಟೊಯೋಟಾ ಹೈರೈಡರ್ ಎಂದೂ ಮಾರುತಿ ಗ್ರ್ಯಾಂಡ್ ವಿಟಾರಾ ಎಂದೂ ಹೊರಗೆ ಬರುತ್ತಿದೆ. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷ ವಸತಿಯೊಡನೆ ಕಲಿಸುವ ತಾಂತ್ರಿಕ ತರಬೇತಿ ಸಂಸ್ಥೆಯನ್ನೂ ಟೊಯೋಟಾ 2007ರಿಂದ ಅಲ್ಲಿ ನಡೆಸುತ್ತಿದೆ. ಇಲ್ಲಿರುವ ಪ್ರೌಢಶಾಲೆಯ ಅಧ್ಯಾಪಕರು ಇದನ್ನು ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇನೆ.

ಜಪಾನಿನ ಕೈಕೆಲಸ ತುಮಕೂರಿಗೆ ಹೊಸದೂ ಅಲ್ಲ. ಎಚ್‌ಎಂಟಿ 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರುಮಾಡಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು, ಈ ತಾಲ್ಲೂಕುಗಳ ಅನೇಕ ಮನೆಗಳಿಗೆ ಅದು ಅನ್ನ ಕೊಟ್ಟಿತು. ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡಬಲ್ಲ ಕೈಗಳು ಈ ಸೀಮೆಯಲ್ಲಿ ಇದ್ದವು. ಕಾರ್ಖಾನೆ ಮುಚ್ಚಿದಾಗ ಆ ಕೈಗಳ ವಿದ್ಯೆ ಮುಂದಿನ ತಲೆಮಾರಿಗೆ ದಾಟದೆ ಹೋಯಿತಲ್ಲ ಎಂಬ ನೋವು ನನಗಿದೆ. ಕೊರಟಗೆರೆಗೆ ದೂರವಲ್ಲದ ವಸಂತನರಸಾಪುರದಲ್ಲಿ ಈಗ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಅಲ್ಲಿಗೆ ಕಾವಲುಗಾರರಾಗಿ, ಮೂಟೆ ಹೊರುವವರಾಗಿ ಮಾತ್ರ ನಮ್ಮ ಹುಡುಗ ಹುಡುಗಿಯರು ಹೋಗಬಾರದು. ಒಂದು ಬಿಡಿಭಾಗವನ್ನು ಕೈಯಲ್ಲಿ ಹಿಡಿದು, ಇದು ಇನ್ನಾವ ಯಂತ್ರಕ್ಕೆ ಹೊಂದೀತು ಎಂದು ಕೇಳಬಲ್ಲವರಾಗಿ ಹೋಗಬೇಕು.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಎಪಿಎಂಸಿ ಹತ್ತಿರವೋ ಹೆದ್ದಾರಿ ಬದಿಯಲ್ಲೋ ಇರುವ ವೇ ಬ್ರಿಡ್ಜ್ ಮಾಲೀಕರನ್ನು ಕೇಳಿಕೊಳ್ಳಿ. ಒಂದು ಓಮ್ನಿ, ಒಂದು ಟಾಟಾ ಏಸ್, ಒಂದು ಮಾರುತಿ 800, ಒಂದು ವಿದ್ಯುತ್ ಕಾರು ಒಟ್ಟುಮಾಡಿ. ಮೊದಲು ಮುಂದಿನ ಎರಡು ಚಕ್ರಗಳನ್ನಷ್ಟೇ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ, ಆಮೇಲೆ ಇಡೀ ವಾಹನವನ್ನು. ಎರಡರ ವ್ಯತ್ಯಾಸವೇ ಹಿಂದಿನ ಚಕ್ರಗಳ ಭಾರ. ಚಾಲಕ ಕೂತಾಗ ಎಷ್ಟು, ಇಳಿದಾಗ ಎಷ್ಟು, ಸಾಮಾನು ತುಂಬಿದಾಗ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಪಕ್ಕದಲ್ಲಿ 44, 56 ಎಂಬ ಎರಡು ಅಂಕಿಗಳನ್ನು ಇಟ್ಟುಕೊಂಡು ಹೋಲಿಸಿ ನೋಡಿ, ಬಂದ ಫಲಿತಾಂಶವನ್ನು ನಿಮ್ಮ ನಿಮ್ಮ ಕಾಲೇಜಿನ ವರ್ಕ್‌ಷಾಪಿನ ಗೋಡೆಗೆ ಅಂಟಿಸಿ. ವೇ ಬ್ರಿಡ್ಜಿನ ಖರ್ಚನ್ನು ಈ ವರ್ಷದ ದತ್ತಿಯ ಬಡ್ಡಿಯಲ್ಲಿ ಕೊಡಲು ಸಾಧ್ಯವೇ ಎಂದು ಅಧ್ಯಕ್ಷರನ್ನು ಈ ಸಭೆಯಲ್ಲೇ ಕೇಳಿಕೊಳ್ಳುತ್ತೇನೆ.